ಮೋಟಾರ್ ಸೈಕಲ್ ಸ್ಟಾರ್ಟ್ ಆಗದಿದ್ದಾಗ ದೋಷ ಹುಡುಕುವ ಕ್ರಮ

ಬೆಳಗಿನ ಹಾಲು ಕರೆದು ಕ್ಯಾನಿಗೆ ತುಂಬಿ ಆಗಿದೆ. ಡೇರಿಯಲ್ಲಿ ಹಾಲು ಅಳೆಯುವ ಹೊತ್ತು ಹತ್ತಿರವಾಗಿದೆ. ಆಗ ಎಷ್ಟು ಕಿಕ್ ಹೊಡೆದರೂ ಮೋಟಾರ್ ಸೈಕಲ್ ಸ್ಟಾರ್ಟ್ ಆಗದಿದ್ದರೆ ರೈತನ ಪಾಡು ಹೇಳತೀರದು. ಹೊತ್ತು ಮೀರಿದರೆ ಆ ಹೊತ್ತಿನ ಹಾಲು ಮನೆಯಲ್ಲೇ ಉಳಿಯುತ್ತದೆ. ಇಂಥ ಗಡಿಬಿಡಿಯಲ್ಲಿ ಕೈಗೆ ಸಿಕ್ಕ ಸ್ಕ್ರೂಗಳನ್ನೆಲ್ಲ ತಿರುಗಿಸುವವರುಂಟು. ಕೊನೆಗೆ ಇದ್ದ ದೋಷ ಇದ್ದಂತೆಯೇ ಇದ್ದು, ಹೊಸದೊಂದು ದೋಷವೂ ಸೇರಿಕೊಳ್ಳುತ್ತದೆ.

ರೋಗ ಗುರುತಿಸದೆ ಬೆಳೆಗೆ ಔಷಧಿ ಹೊಡೆಯಬಾರದೆಂಬುದು ನಿಮಗೆ ತಿಳಿದ ಮಾತು. ಯಂತ್ರಕ್ಕೂ ಇದೇ ಮಾತು ಸಲ್ಲುತ್ತದೆ. ಕ್ರಮವಾಗಿ ನೋಡುತ್ತ ಹೋದರೆ ಹೆಚ್ಚಿನ ದೋಷಗಳನ್ನು ನೀವೇ ಗುರುತಿಸಬಹುದು. ಮೆಕ್ಯಾನಿಕ್ ಬೇಕೇ ಬೇಡವೇ ಎಂಬುದನ್ನೂ ನೀವೇ ನಿರ್ಧರಿಸಬಹುದು.

ಇಂಜಿನ್ನಿಗೆ ಬೇಕಾದುದು ಮೂರು

ಗಾಳಿಯೊಡನೆ ಹದವಾಗಿ ಬೆರೆತ ಪೆಟ್ರೋಲ್, ಪ್ಲಗ್ಗಿನಲ್ಲಿ ಸರಿಯಾದ ಕಿಡಿ, ಸಿಲಿಂಡರಿನೊಳಗೆ ತಕ್ಕ ಒತ್ತಡ, ಈ ಮೂರೂ ಇದ್ದರೆ ಪೆಟ್ರೋಲ್ ಇಂಜಿನ್ ಸ್ಟಾರ್ಟ್ ಆಗಲೇಬೇಕು. ಆಗಲಿಲ್ಲವೆಂದರೆ ಇವುಗಳಲ್ಲಿ ಒಂದು ಕೊರತೆಯಾಗಿದೆ ಎಂದರ್ಥ. ಅದು ಯಾವುದೆಂದು ಕಂಡುಕೊಳ್ಳುವುದೇ ನಮ್ಮ ಕೆಲಸ.

ಪಾನಾ ಹಿಡಿಯುವ ಮೊದಲು

1. ಬಲಗೈ ಹಿಡಿಯ ಬಳಿ ಇರುವ ಕೆಂಪು ಸ್ವಿಚ್ಚನ್ನು ನೋಡಿರಿ. ಇದು ಇಂಜಿನ್ ನಿಲ್ಲಿಸುವ ಸ್ವಿಚ್ಚು. ಅಂಗಳದಲ್ಲಿ ನಿಂತ ಗಾಡಿಯ ಮೇಲೆ ಹತ್ತಿ ಆಡುವ ಮಕ್ಕಳು ಇದನ್ನು ಒತ್ತಿರುವುದುಂಟು.
2. ಗೇರು ನ್ಯೂಟ್ರಲ್‌ನಲ್ಲಿರಲಿ. ಈಚಿನ ಅನೇಕ ಗಾಡಿಗಳಲ್ಲಿ ಪಕ್ಕದ ಸ್ಟ್ಯಾಂಡನ್ನು ಮೇಲೆತ್ತದೆ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ.
3. ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲ್ ಇದೆಯೇ ನೋಡಿರಿ. ಕತ್ತಲಿದ್ದರೆ ಟಾರ್ಚ್ ಬಳಸಿರಿ. ಬೆಂಕಿಕಡ್ಡಿ ಗೀರಲೇಕೂಡದು.
4. ಮುಚ್ಚಳ ತೆಗೆದಾಗ ಗಾಳಿ ಸುಯ್ಯೆಂದು ಒಳಗೆ ಎಳೆದರೆ ಮುಚ್ಚಳದ ಗಾಳಿರಂಧ್ರ ಧೂಳಿನಿಂದ ಕಟ್ಟಿದೆ. ಟ್ಯಾಂಕಿನೊಳಗೆ ಗಾಳಿ ಹೋಗದಿದ್ದರೆ ಪೆಟ್ರೋಲ್ ಕೆಳಗಿಳಿಯದು.
5. ಪೆಟ್ರೋಲ್ ಕಡಿಮೆಯಿದ್ದರೆ ಕಾಕನ್ನು ರಿಸರ್ವ್‌ಗೆ ತಿರುಗಿಸಿರಿ. ಇಂಜಿನ್ ತಣ್ಣಗಿದ್ದರೆ ಮಾತ್ರ ಚೋಕ್ ಹಾಕಿರಿ.

ಪ್ಲಗ್ ಹೇಳುವ ಮಾತು

ಇಷ್ಟಾದರೂ ಸ್ಟಾರ್ಟ್ ಆಗದಿದ್ದರೆ ಎಂಟು ಹತ್ತು ಕಿಕ್ ಹೊಡೆದು ಪ್ಲಗ್ ಬಿಚ್ಚಿರಿ. ಬಿಚ್ಚುವ ಮೊದಲು ಸುತ್ತಲಿನ ಮಣ್ಣನ್ನು ಬಟ್ಟೆಯಿಂದ ಒರೆಸಬೇಕು. ಇಲ್ಲದಿದ್ದರೆ ಅದು ಸಿಲಿಂಡರಿಗೆ ಬಿದ್ದು ಗೀರುಂಟುಮಾಡುತ್ತದೆ. ಈಗ ಪ್ಲಗ್ಗಿನ ತುದಿಯನ್ನು ನೋಡಿರಿ.

ಒಣಗಿದ್ದರೆ: ಪೆಟ್ರೋಲ್ ಸಿಲಿಂಡರಿಗೆ ಬರುತ್ತಿಲ್ಲ. ಪೆಟ್ರೋಲಿನ ದಾರಿಯನ್ನು ಪರೀಕ್ಷಿಸಿರಿ.
ಪೆಟ್ರೋಲಿನಿಂದ ಒದ್ದೆಯಾಗಿದ್ದರೆ: ಪೆಟ್ರೋಲ್ ಬರುತ್ತಿದೆ. ಕಿಡಿ ಇಲ್ಲ, ಅಥವಾ ಪೆಟ್ರೋಲ್ ಮಿತಿಮೀರಿದೆ.
ಒಣ ಮಸಿ ಹಿಡಿದಿದ್ದರೆ: ಗಾಳಿ ಸಾಲದಾಗಿದೆ. ಚೋಕ್ ಹಾಗೆಯೇ ಉಳಿದಿರಬಹುದು ಇಲ್ಲವೇ ಏರ್ ಫಿಲ್ಟರ್ ಕಟ್ಟಿರಬಹುದು.
ಎಣ್ಣೆ ಜಿಡ್ಡಾಗಿದ್ದರೆ: ನಾಲ್ಕು ಸ್ಟ್ರೋಕ್ ಇಂಜಿನ್ನಿನಲ್ಲಿ ಇದು ರಿಂಗು ಅಥವಾ ವಾಲ್ವಿನ ಸೀಲು ಸವೆದ ಗುರುತು. ಮೆಕ್ಯಾನಿಕ್ಕನಿಗೆ ತೋರಿಸಿರಿ.

ಪೆಟ್ರೋಲಿನ ದಾರಿ

ಕಾಕ್ ಮುಚ್ಚಿ, ಕಾರ್ಬುರೇಟರಿಗೆ ಬರುವ ನಳಿಕೆಯನ್ನು ಕಳಚಿ, ತುದಿಯನ್ನು ಗಾಜಿನ ಸೀಸೆಯೊಳಗಿಟ್ಟು ಕಾಕ್ ತೆರೆಯಿರಿ. ಧಾರೆ ಕಡಿಯದೆ ಬರಬೇಕು. ತೊಟ್ಟಿಕ್ಕಿದರೆ ಕಾಕಿನ ಜಾಲರಿಯಲ್ಲಿ ಕಸವಿದೆ. ಧಾರೆ ಸರಿಯಾಗಿದ್ದರೆ ಕಾರ್ಬುರೇಟರಿನ ಬಟ್ಟಲಿನ ಅಡಿಯಲ್ಲಿರುವ ಸ್ಕ್ರೂ ಸಡಿಲಿಸಿ ಅಲ್ಲಿನ ಪೆಟ್ರೋಲನ್ನು ಸೀಸೆಗೆ ಇಳಿಸಿರಿ. ಸ್ವಲ್ಪ ಹೊತ್ತು ಬಿಟ್ಟು ನೋಡಿದಾಗ ಅಡಿಯಲ್ಲಿ ಬೇರೊಂದು ಪದರ ಕಂಡರೆ ನೀರು ಸೇರಿದೆ ಎಂದು ತಿಳಿಯಿರಿ.

ಈ ವಿಷಯದಲ್ಲಿ ಈಗ ಹೆಚ್ಚಿನ ಎಚ್ಚರಿಕೆ ಅಗತ್ಯ. ಇಂದಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ನೀರನ್ನು ಹೀರಿಕೊಳ್ಳುವ ಗುಣವುಳ್ಳದ್ದು. ನೀರು ಹೆಚ್ಚಾದರೆ ಎರಡೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಇಂಜಿನ್ನಿಗೆ ಮೊದಲು ಹೋಗುವುದು ಈ ತಳದ ದ್ರವವೇ. ಆದುದರಿಂದ ಮಳೆಗಾಲದಲ್ಲಿ ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಬೇಡಿರಿ. ನೀರು ಸೇರಿದ್ದರೆ ಟ್ಯಾಂಕನ್ನು ಪೂರ್ತಿ ಬರಿದುಮಾಡಿ ಹೊಸ ಪೆಟ್ರೋಲ್ ತುಂಬಿಸಬೇಕು.

ಕಿಡಿಯ ಪರೀಕ್ಷೆ

ಪ್ಲಗ್ಗಿನ ತುದಿಯನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ಒಣಗಿಸಿರಿ. ಎರಡು ತುದಿಗಳ ನಡುವಿನ ಅಂತರ ಹೆಚ್ಚಿನ ಗಾಡಿಗಳಲ್ಲಿ 0.6ರಿಂದ 0.8 ಮಿಲಿಮೀಟರ್ ಇರುತ್ತದೆ. ನಿಮ್ಮ ಗಾಡಿಯ ನಿಖರ ಅಳತೆ ಕೈಪಿಡಿಯಲ್ಲಿದೆ. ಕಬ್ಬಿಣ ಕೊಯ್ಯುವ ಗರಗಸದ ಅಲಗು ಸುಮಾರು 0.6 ಮಿಲಿಮೀಟರ್ ದಪ್ಪವಿರುವುದರಿಂದ, ಬೇರೆ ಸಾಧನವಿಲ್ಲದಾಗ ಅದನ್ನೇ ತೂರಿಸಿ ಅಂದಾಜು ಮಾಡಬಹುದು.

ಈಗ ಪೆಟ್ರೋಲ್ ಕಾಕ್ ಮುಚ್ಚಿರಿ. ಚೆಲ್ಲಿದ ಪೆಟ್ರೋಲನ್ನು ಒರೆಸಿ, ಸೀಸೆಯನ್ನು ದೂರ ಇಡಿರಿ. ಪ್ಲಗ್ಗಿನ ರಂಧ್ರಕ್ಕೆ ಬಟ್ಟೆ ಮುಚ್ಚಿರಿ. ಪ್ಲಗ್ಗನ್ನು ಅದರ ಕ್ಯಾಪಿಗೆ ಸೇರಿಸಿ, ಮರೆಯುಳ್ಳ ಭಾಗ ಇಂಜಿನ್ನಿನ ಬರಿಯ ಲೋಹಕ್ಕೆ ತಾಗುವಂತೆ, ರಂಧ್ರದಿಂದ ದೂರದಲ್ಲಿ ಇಟ್ಟು, ನೆರಳಿನಲ್ಲಿ ಕಿಕ್ ಹೊಡೆಯಿರಿ. ಪ್ಲಗ್ಗಿನ ಲೋಹವನ್ನು ಬರಿಗೈಯಿಂದ ಮುಟ್ಟಬೇಡಿರಿ. ಅದರಲ್ಲಿ ಸಾವಿರಾರು ವೋಲ್ಟ್ ಹರಿಯುತ್ತದೆ. ಚಟ್ಟೆಂಬ ಸದ್ದಿನೊಡನೆ ನೀಲಿ ಕಿಡಿ ಹಾರಿದರೆ ಉತ್ತಮ. ಕಿಡಿ ಕೆಂಪಾಗಿ ಸಣ್ಣಗಿದ್ದರೆ ಅಥವಾ ಇಲ್ಲದಿದ್ದರೆ ಹೊಸ ಪ್ಲಗ್ ಹಾಕಿ ನೋಡಿರಿ. ಆಗಲೂ ಬರದಿದ್ದರೆ ಕ್ಯಾಪಿನೊಳಗಿನ ತೇವವನ್ನು ಒರೆಸಿರಿ. ಹಳ್ಳ ದಾಟಿದಾಗ, ಗಾಡಿ ತೊಳೆದಾಗ ಅಲ್ಲಿ ನೀರು ಸೇರುವುದು ಸಾಮಾನ್ಯ. ಇದಕ್ಕೂ ಬಗ್ಗದಿದ್ದರೆ ಕಾಯಿಲ್ ಅಥವಾ ವೈರಿಂಗಿನ ದೋಷವಿರಬಹುದು. ಅದು ಮೆಕ್ಯಾನಿಕ್ಕನ ಕೆಲಸ.

ಕಿಡಿ ಚೆನ್ನಾಗಿದ್ದು ಪ್ಲಗ್ ಮಾತ್ರ ತೊಯ್ದಿದ್ದರೆ ಪೆಟ್ರೋಲ್ ಮಿತಿಮೀರಿದೆ. ಚೋಕ್ ತೆಗೆದು, ಇಗ್ನಿಷನ್ ಆಫ್ ಮಾಡಿ, ಎಕ್ಸಲರೇಟರ್ ಪೂರ್ತಿ ತಿರುಗಿಸಿ, ಪ್ಲಗ್ ಇಲ್ಲದೆಯೇ ಹತ್ತು ಕಿಕ್ ಹೊಡೆಯಿರಿ. ಒಣ ಪ್ಲಗ್ ಹಾಕಿ, ಐದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿರಿ.

ಗಾಳಿ ಮತ್ತು ಒತ್ತಡ

ಏರ್ ಫಿಲ್ಟರ್ ಪೆಟ್ಟಿಗೆಯನ್ನು ತೆರೆದು ನೋಡಿರಿ. ಹುಲ್ಲು, ಗೋಣಿಚೀಲ ಇರುವ ಕೊಟ್ಟಿಗೆಯಲ್ಲಿ ಕೆಲವು ದಿನ ನಿಂತ ಗಾಡಿಯಲ್ಲಿ ಇಲಿ ಗೂಡು ಮಾಡಿರುವುದುಂಟು. ಕಾಗದದ ಫಿಲ್ಟರನ್ನು ತೊಳೆಯಕೂಡದು, ಮೆಲ್ಲನೆ ತಟ್ಟಿ ಧೂಳು ಉದುರಿಸಬೇಕು. ಸೈಲೆನ್ಸರಿನ ಬಾಯಿಗೆ ಕೆಸರು ಮೆತ್ತಿದ್ದರೆ ತೆಗೆಯಿರಿ.

ಕಿಕ್ಕರನ್ನು ನಿಧಾನವಾಗಿ ಕೈಯಿಂದ ಒತ್ತಿದಾಗ ಒಂದು ಹಂತದಲ್ಲಿ ಅದು ಗಟ್ಟಿಯಾಗಿ ತಡೆಯಬೇಕು. ತಡೆಯಿಲ್ಲದೆ ಸಲೀಸಾಗಿ ಇಳಿದರೆ ಒತ್ತಡ ಸೋರುತ್ತಿದೆ. ಪ್ಲಗ್ ಸಡಿಲವಿಲ್ಲವಷ್ಟೆ ಎಂದು ನೋಡಿ, ಗಾಡಿಯನ್ನು ಮೆಕ್ಯಾನಿಕ್ಕನ ಬಳಿಗೆ ಒಯ್ಯಿರಿ.

ಹೊಸ ಬಗೆಯ ಗಾಡಿಗಳು

2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಜಾರಿಗೆ ಬಂದ ಮೇಲೆ ಮಾರಾಟವಾದ ಹೆಚ್ಚಿನ ಗಾಡಿಗಳಲ್ಲಿ ಕಾರ್ಬುರೇಟರ್ ಇಲ್ಲ. ಬದಲಿಗೆ ಟ್ಯಾಂಕಿನೊಳಗಿನ ವಿದ್ಯುತ್ ಪಂಪು ಪೆಟ್ರೋಲನ್ನು ಒತ್ತಡದಿಂದ ಕಳುಹಿಸುತ್ತದೆ. ಇಂಥ ಗಾಡಿಯ ಪೆಟ್ರೋಲ್ ನಳಿಕೆಯನ್ನು ನೀವು ಕಳಚಕೂಡದು. ಕೀಲಿ ತಿರುಗಿಸಿದೊಡನೆ ಟ್ಯಾಂಕಿನ ಕಡೆಯಿಂದ ಎರಡು ಮೂರು ಸೆಕೆಂಡು ಜುಂಯ್ ಎಂಬ ಸದ್ದು ಕೇಳಬೇಕು. ಕೇಳದಿದ್ದರೆ ಫ್ಯೂಸ್ ಮತ್ತು ಬ್ಯಾಟರಿಯನ್ನು ನೋಡಿರಿ. ಸ್ಟಾರ್ಟರ್ ಒತ್ತಿದಾಗ ಟಕ್ ಟಕ್ ಎಂದಷ್ಟೇ ಆದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಅದರ ತುದಿಗಳಿಗೆ ಕಿಲುಬು ಹಿಡಿದಿದೆ. ಸುಟ್ಟ ಫ್ಯೂಸಿಗೆ ಅಷ್ಟೇ ಆಂಪಿಯರಿನ ಫ್ಯೂಸ್ ಹಾಕಬೇಕು. ತಂತಿ ಸುತ್ತಿದರೆ ವೈರಿಂಗೇ ಸುಟ್ಟುಹೋದೀತು.

ನೆನಪಿನಲ್ಲಿಡಿ

ಒಂದು ಸಲಕ್ಕೆ ಒಂದನ್ನೇ ಪರೀಕ್ಷಿಸಿರಿ. ಅದರ ಫಲ ತಿಳಿದ ಮೇಲೆ ಮುಂದಿನದನ್ನು ಮುಟ್ಟಿರಿ. ಪೆಟ್ರೋಲಿನ ಬಳಿ ಬೀಡಿ, ದೀಪ, ಒಲೆ ಇರಕೂಡದು. ಹೊಸ ಪ್ಲಗ್ಗೊಂದು, ಫ್ಯೂಸೊಂದು, ಪ್ಲಗ್ ಪಾನಾ ಮತ್ತು ಒಣ ಬಟ್ಟೆ ಸದಾ ಗಾಡಿಯಲ್ಲಿರಲಿ. ಮೇಲೆ ಹೇಳಿದ ಪರೀಕ್ಷೆಗಳನ್ನು ಬಿಡುವಿದ್ದ ದಿನ ಸುಸ್ಥಿತಿಯಲ್ಲಿರುವ ಗಾಡಿಯ ಮೇಲೆ ಒಮ್ಮೆ ಮಾಡಿ ನೋಡಿರಿ. ಸರಿಯಾದ ಕಿಡಿ ಹೇಗಿರುತ್ತದೆ, ಕಿಕ್ಕರ್ ಎಷ್ಟು ತಡೆಯುತ್ತದೆ ಎಂಬುದು ಆಗ ಕೈಗೆ ತಿಳಿದಿರುತ್ತದೆ. ಹಾಲಿನ ಹೊತ್ತಿಗೆ ಗಾಡಿ ಮುಷ್ಕರ ಹೂಡಿದ ದಿನ ಆ ತಿಳಿವೇ ನಿಮ್ಮ ನೆರವಿಗೆ ಬರುತ್ತದೆ.