ಅಗೆಯುವ ಮೊದಲು

ಸಂಜೆ ಗುಂಡಿ ಒತ್ತಿದೊಡನೆ ಮನೆಯಲ್ಲಿ ದೀಪ ಬೆಳಗುತ್ತದೆ. ಆ ಬೆಳಕಿನಲ್ಲಿ ನೀವು ಓದುತ್ತೀರಿ, ಬರೆಯುತ್ತೀರಿ. ಮಕ್ಕಳೇ, ಈ ಬೆಳಕು ಎಲ್ಲಿಂದ ಬರುತ್ತದೆ ಎಂದು ಯೋಚಿಸಿದ್ದೀರಾ?

ನಮ್ಮ ದೇಶದ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಲ್ಲಿದ್ದಲಿನಿಂದ ತಯಾರಾಗುತ್ತದೆ. ಸೊಲ್ಲಾಪುರದ ಹತ್ತಿರವೂ ಅಂಥ ಒಂದು ವಿದ್ಯುತ್ ಕೇಂದ್ರವಿದೆ. ಆದರೆ ಕಲ್ಲಿದ್ದಲು ಅಲ್ಲಿಯ ನೆಲದಲ್ಲಿ ಸಿಗುವುದಿಲ್ಲ. ದೂರದ ಗಣಿಗಳಿಂದ ಬರಬೇಕು. ಗಣಿ ಅಗೆಯುವ ಮೊದಲು ಆ ಜಾಗದಲ್ಲಿ ಏನಿತ್ತು? ಅಲ್ಲಿಯ ಜನರನ್ನು ಯಾರಾದರೂ ಕೇಳಿದರೇ? ಇದನ್ನು ತಿಳಿಯಲು ಛತ್ತೀಸಗಡ ರಾಜ್ಯದ ಒಂದು ಕಾಡಿಗೆ ಹೋಗೋಣ.

ಆ ಕಾಡಿನ ಹೆಸರು ಹಸ್ದೇವ್ ಅರಣ್ಯ. ಅದು ಸುಮಾರು 1,70,000 ಹೆಕ್ಟೇರಿನಷ್ಟು ದೊಡ್ಡದು. ಕೊರ್ಬಾ, ಸರಗುಜಾ, ಸೂರಜಪುರ ಜಿಲ್ಲೆಗಳಲ್ಲಿ ಹರಡಿದೆ. ಅಲ್ಲಿ ಎತ್ತರದ ಸಾಲವೃಕ್ಷಗಳಿವೆ. ಆನೆಗಳೂ ಕರಡಿಗಳೂ ಇವೆ. ಗೊಂಡರು ಮೊದಲಾದ ಆದಿವಾಸಿಗಳು ತಲೆಮಾರುಗಳಿಂದ ಅಲ್ಲಿ ಬಾಳುತ್ತಿದ್ದಾರೆ. ಅವರು ಹಿಪ್ಪೆ ಹೂವನ್ನೂ ತೆಂಡು ಎಲೆಯನ್ನೂ ಆರಿಸಿ ಮಾರುತ್ತಾರೆ. ನಮ್ಮ ಊರಿನ ತಾಯಂದಿರು ಬೀಡಿ ಕಟ್ಟುವುದು ಇಂಥ ತೆಂಡು ಎಲೆಯಿಂದಲೇ. ಹಸ್ದೇವ್ ನದಿ ಈ ಕಾಡಿನ ಮಳೆನೀರನ್ನು ಹೊತ್ತು ಬಾಂಗೋ ಅಣೆಕಟ್ಟೆಗೆ ತರುತ್ತದೆ. ಆ ನೀರಿನಿಂದ ಕೆಳಗಿನ ಊರುಗಳ ಹೊಲಗದ್ದೆಗಳು ಹಸಿರಾಗುತ್ತವೆ. ಮುಂದೆ ನದಿ ಮಹಾನದಿಯನ್ನು ಸೇರುತ್ತದೆ.

ಈ ಕಾಡಿನ ಅಡಿಯಲ್ಲಿ ಕಲ್ಲಿದ್ದಲು ಇದೆ. ಅದನ್ನು ತೆಗೆಯಬೇಕಾದರೆ ಮೊದಲು ಮರ ಕಡಿಯಬೇಕು. ಆಮೇಲೆ ಮೇಲಿನ ಮಣ್ಣನ್ನೂ ಬಂಡೆಯನ್ನೂ ತೆಗೆದುಹಾಕಬೇಕು. ಇದಕ್ಕೆ ತೆರೆದ ಗಣಿ ಎನ್ನುತ್ತಾರೆ. ಒಮ್ಮೆ ಹೀಗೆ ಅಗೆದರೆ ಮೊದಲಿದ್ದಂಥ ಕಾಡನ್ನು ಮತ್ತೆ ಬೆಳೆಸುವುದು ಬಹಳ ಕಷ್ಟ. ಆದ್ದರಿಂದ ಅಗೆಯುವ ಮೊದಲೇ ವಿಚಾರ ಮಾಡಬೇಕು.

ಅದಕ್ಕಾಗಿ ನಮ್ಮ ದೇಶದಲ್ಲಿ ನಿಯಮಗಳಿವೆ. 2006ರ ನಿಯಮದಂತೆ ದೊಡ್ಡ ಗಣಿ ತೆರೆಯುವವರು ಮೊದಲು ಅಲ್ಲಿಯ ನೀರು, ಗಾಳಿ, ಗಿಡಮರ, ಪ್ರಾಣಿ ಮತ್ತು ಜನಜೀವನದ ಅಭ್ಯಾಸ ನಡೆಸಿ ವರದಿ ಬರೆಯಬೇಕು. ವರದಿಯ ಸಾರಾಂಶ ಅಲ್ಲಿಯ ಜನರ ಭಾಷೆಯಲ್ಲಿಯೂ ಇರಬೇಕು. 30 ದಿನ ಮೊದಲೇ ತಿಳಿಸಿ ಜನರ ಅಹವಾಲು ಸಭೆ ನಡೆಸಬೇಕು. ಅಲ್ಲಿ ಯಾರು ಬೇಕಾದರೂ ಎದ್ದು ಮಾತನಾಡಬಹುದು. ಅವರು ಹೇಳಿದ್ದನ್ನು ಬರೆದುಕೊಂಡು, ಸಭೆಯ ಕೊನೆಗೆ ಅವರ ಭಾಷೆಯಲ್ಲಿ ಓದಿ ಹೇಳಬೇಕು. ಆಮೇಲೆ ತಜ್ಞರ ಸಮಿತಿ ಎಲ್ಲವನ್ನೂ ಪರಿಶೀಲಿಸಿ ಸರಕಾರಕ್ಕೆ ಸಲಹೆ ಕೊಡುತ್ತದೆ. ಕಾಡಿನ ಜಮೀನಾದರೆ ಇನ್ನೊಂದು ಒಪ್ಪಿಗೆ ಬೇಕು. 2006ರ ಅರಣ್ಯ ಹಕ್ಕು ಕಾನೂನು ಗ್ರಾಮಸಭೆಯ ಮಾತಿಗೂ ಬೆಲೆ ಕೊಟ್ಟಿದೆ.

ಹಸ್ದೇವ್ ಕಾಡಿನಲ್ಲಿ ಏನಾಯಿತು? ರಾಜಸ್ಥಾನದ ವಿದ್ಯುತ್ ಕೇಂದ್ರಗಳಿಗಾಗಿ ಅಲ್ಲಿ ಒಂದು ಗಣಿ ತೆರೆಯುವ ಯೋಜನೆ ಬಂದಿತು. ಅರಣ್ಯ ಸಲಹಾ ಸಮಿತಿ ಬೇಡವೆಂದಿತು. 2011ರಲ್ಲಿ ಆಗಿನ ಪರಿಸರ ಮಂತ್ರಿ ಜೈರಾಮ್ ರಮೇಶ್ ಅವರು, ಈ ಜಾಗ ದಟ್ಟ ಕಾಡಿನ ಅಂಚಿನಲ್ಲಿದೆ, ನಡುವೆ ಬೆಟ್ಟದ ಸಾಲಿದೆ ಎಂದು ಕಾರಣ ಹೇಳಿ ಒಪ್ಪಿಗೆ ಕೊಟ್ಟರು. 2013ರಲ್ಲಿ ಗಣಿ ಕೆಲಸ ಶುರುವಾಯಿತು. 2014ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆ ಒಪ್ಪಿಗೆಯನ್ನು ರದ್ದುಮಾಡಿ, ಮತ್ತೊಮ್ಮೆ ಪರಿಶೀಲಿಸಿರಿ ಎಂದಿತು. ಆದರೆ ಗಣಿ ಕೆಲಸ ಮುಂದುವರಿಯಲು ಸುಪ್ರೀಂ ಕೋರ್ಟು ಅವಕಾಶ ಕೊಟ್ಟಿತು.

2021ರಲ್ಲಿ ಎರಡು ಸಂಸ್ಥೆಗಳ ಅಭ್ಯಾಸ ಹೊರಬಂದಿತು. ಕಠಿಣ ನಿಯಮ ಹಾಕಿ ನಾಲ್ಕು ಗಣಿಗಳ ವಿಚಾರ ಮಾಡಬಹುದು ಎಂದಿತು ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಮಂಡಳಿ. ಇನ್ನು ಹೊಸ ಗಣಿ ಬೇಡವೇ ಬೇಡ ಎಂದಿತು ಭಾರತೀಯ ವನ್ಯಜೀವಿ ಸಂಸ್ಥೆ. ದೇಶದ ಕಾಡಾನೆಗಳಲ್ಲಿ 100ಕ್ಕೆ 3ರಷ್ಟೂ ಛತ್ತೀಸಗಡದಲ್ಲಿಲ್ಲ. ಆದರೂ ಆನೆಗಳಿಂದ ಸಾಯುವ ಜನರಲ್ಲಿ 100ಕ್ಕೆ 15ಕ್ಕಿಂತ ಹೆಚ್ಚು ಜನ ಅಲ್ಲಿಯವರು. ಕಾಡು ತುಂಡಾದರೆ ಆನೆಗಳು ಊರಿಗೆ ಬರುವುದು ಇನ್ನೂ ಹೆಚ್ಚುತ್ತದೆ ಎಂದು ಅದು ಎಚ್ಚರಿಸಿತು.

ಅದೇ ವರ್ಷ ಅಕ್ಟೋಬರದಲ್ಲಿ ಹಳ್ಳಿಗರು ಸುಮಾರು 300 ಕಿಲೋಮೀಟರು ನಡೆದು ರಾಜಧಾನಿ ರಾಯಪುರಕ್ಕೆ ಬಂದರು. “ನಮ್ಮ ಗ್ರಾಮಸಭೆ ಒಪ್ಪಿಲ್ಲ” ಎಂಬುದು ಅವರ ದೂರು. 2022ರಲ್ಲಿ ಹಳೆಯ ಗಣಿಯ ಎರಡನೆಯ ಹಂತಕ್ಕೆ ಒಪ್ಪಿಗೆ ಸಿಕ್ಕಿತು. ಆ ವರ್ಷವೇ ಜುಲೈ ತಿಂಗಳಲ್ಲಿ ರಾಜ್ಯದ ವಿಧಾನಸಭೆ ಹಸ್ದೇವ್ ಕಾಡಿನ ಗಣಿಗಳನ್ನು ರದ್ದುಮಾಡಿರಿ ಎಂದು ಒಮ್ಮತದಿಂದ ಕೇಳಿತು. ಆದರೂ ಎರಡನೆಯ ಹಂತಕ್ಕಾಗಿ ಮರಗಳು ಉರುಳಿದವು.

ನಮಗೆ ಬೆಳಕು ಬೇಕು. ಆ ಜನರಿಗೆ ಕಾಡು ಬೇಕು, ನೀರು ಬೇಕು. ಎರಡನ್ನೂ ತೂಗಿ ನೋಡುವುದು ಸುಲಭವಲ್ಲ. ಅದಕ್ಕೇ ಜನರ ಮಾತು ಕೇಳಬೇಕು. ಕೇಳಿದರೆ ಸಾಲದು, ಅದಕ್ಕೆ ಬೆಲೆಯನ್ನೂ ಕೊಡಬೇಕು. ನಾಳೆ ನಿಮ್ಮ ಊರಿನಲ್ಲಿಯೂ ಇಂಥ ಸಭೆ ನಡೆಯಬಹುದು. ಆಗ ವರದಿಯನ್ನು ಓದಲು, ಎದ್ದು ನಿಂತು ಕೇಳಲು ನಿಮಗೆ ಬರಬೇಕು. ಓದು ಬರಹ ಕಲಿಯುವುದು ಅದಕ್ಕಾಗಿಯೂ ಹೌದು.

ಹೊಸ ಪದಗಳು
ಅಹವಾಲು – ಮನವಿ, ಹೇಳಿಕೊಳ್ಳುವ ಮಾತು
ತಜ್ಞ – ಒಂದು ವಿಷಯವನ್ನು ಚೆನ್ನಾಗಿ ಬಲ್ಲವನು
ಸಾರಾಂಶ – ಮುಖ್ಯ ಮಾತುಗಳ ಸಂಗ್ರಹ
ಒಮ್ಮತ – ಎಲ್ಲರ ಒಂದೇ ಅಭಿಪ್ರಾಯ

ಅಭ್ಯಾಸ
ಅ) ಒಂದೊಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
1. ಹಸ್ದೇವ್ ಅರಣ್ಯ ಯಾವ ರಾಜ್ಯದಲ್ಲಿದೆ?
2. ತೆರೆದ ಗಣಿ ಎಂದರೇನು?
3. ಅಹವಾಲು ಸಭೆಯ ಕೊನೆಗೆ ಏನು ಮಾಡಬೇಕು?

ಆ) ಎರಡು ಮೂರು ವಾಕ್ಯಗಳಲ್ಲಿ ಉತ್ತರ ಬರೆಯಿರಿ.
1. ಕಾಡಿನಿಂದ ಅಲ್ಲಿಯ ಜನರಿಗೆ ಏನೇನು ಸಿಗುತ್ತದೆ?
2. ವರದಿಯ ಸಾರಾಂಶ ಜನರ ಭಾಷೆಯಲ್ಲಿ ಏಕೆ ಇರಬೇಕು?

ಇ) ಬಿಟ್ಟ ಸ್ಥಳ ತುಂಬಿರಿ.
1. ಹಸ್ದೇವ್ ನದಿ ________ ನದಿಯನ್ನು ಸೇರುತ್ತದೆ.
2. ಹಳ್ಳಿಗರು ಸುಮಾರು ________ ಕಿಲೋಮೀಟರು ನಡೆದರು.

ಉಪಕ್ರಮ : ನಿಮ್ಮ ಊರಿನ ಗ್ರಾಮಸಭೆ ಯಾವಾಗ ನಡೆಯುತ್ತದೆ ಎಂದು ಹಿರಿಯರಿಂದ ಕೇಳಿ ತಿಳಿಯಿರಿ. ಅಲ್ಲಿ ನೀವು ಕೇಳಬೇಕೆನ್ನುವ ಒಂದು ಪ್ರಶ್ನೆಯನ್ನು ಬರೆದು ವರ್ಗದಲ್ಲಿ ಓದಿರಿ.