ಸುಟ್ಟ ದೇವಾಲಯವನ್ನು ಕಟ್ಟುವ ಬಗೆ
ಪಾಠ: ಎಜ್ರ 3ನೆಯ ಅಧ್ಯಾಯ

ಬಾಬೆಲಿನವರು ಸುಟ್ಟುಬಿಟ್ಟ ಯೆರೂಸಲೇಮಿನ ಆಲಯಕ್ಕೆ ಪುನಃ ಅಸ್ತಿವಾರ ಹಾಕಿದಾಗ, ಮೊದಲಿನ ಆಲಯವನ್ನು ಕಂಡಿದ್ದ ಮುದುಕರು ಅತ್ತರು. ಬೇರೆಯವರು ಹರ್ಷದಿಂದ ಕೂಗಿದರು. ಸುಟ್ಟ ಆಲಯವನ್ನು ಇದ್ದಂತೆಯೇ ಕಟ್ಟಬೇಕೋ, ಹೊಸ ರೀತಿಯಲ್ಲಿ ಕಟ್ಟಬೇಕೋ ಎಂಬ ಪ್ರಶ್ನೆಯು ಇಂದಿಗೂ ಸಭೆಯನ್ನು ಹೀಗೆಯೇ ಇಬ್ಭಾಗ ಮಾಡುವದು. ಮೂರು ದೃಷ್ಟಾಂತಗಳನ್ನು ವಿಚಾರಿಸೋಣ.

ಮೊದಲನೆಯದು: 1666ರಲ್ಲಿ ಲಂಡನಿನ ಸಂತ ಪೌಲನ ದೇವಾಲಯವು ಸುಟ್ಟುಹೋಗಲು, ಕ್ರಿಸ್ಟೋಫರ್ ರೆನ್ ಎಂಬವನು ಹಳೆಯ ರೂಪವನ್ನು ಬಿಟ್ಟು ದೊಡ್ಡ ಗುಮ್ಮಟವುಳ್ಳ ಹೊಸ ಆಲಯವನ್ನು ಕಟ್ಟಿಸಿದನು.

ಎರಡನೆಯದು: ಆ ಆಲಯದ ಮಾದರಿಯಂತೆ ನಮ್ಮ ಬೆಂಗಳೂರಿನಲ್ಲಿ 1808ರಲ್ಲಿ ಆರಂಭವಾದ ಸಂತ ಮಾರ್ಕನ ದೇವಾಲಯವು 1812ರಲ್ಲಿ ಮುಗಿಯಿತು. 1923ರಲ್ಲಿ ಅದಕ್ಕೆ ಬೆಂಕಿ ಬಿದ್ದು ಬಹು ನಷ್ಟವಾಯಿತು. 1927ರಲ್ಲಿ ಅದು ಪುನಃ ಸಿದ್ಧವಾಯಿತು. ಕೆಂಗೇರಿ, ವಿಜಯನಗರಗಳಿಂದ ಪಟ್ಟಣದ ನಡುವಿಗೆ ಹೋಗುವವರು ಅದರ ಗುಮ್ಮಟವನ್ನು ಈಗಲೂ ಕಾಣಬಹುದು.

ಮೂರನೆಯದು: 2019ರಲ್ಲಿ ಸುಟ್ಟ ಪ್ಯಾರಿಸಿನ ನೋತ್ರ್ ದಾಮ್ ಆಲಯ. ಅದರ ಗೋಪುರಕ್ಕೆ ಹೊಸ ರೂಪ ಕೊಡಬೇಕೆಂದು ಕೆಲವರು ವಾದಿಸಿದರು. ಆದರೆ 2020ರಲ್ಲಿ ಹಿಂದಿನ ರೂಪವೇ ನಿಶ್ಚಯವಾಯಿತು. ಮಾಡಿಗೆ ಮತ್ತೆ ಓಕ್ ಮರದ ತೊಲೆಗಳನ್ನೇ ಹಾಕಿದರು. ಅವುಗಳ ನಡುವೆ ಬೆಂಕಿಯನ್ನು ನಂದಿಸುವ ನೀರಿನ ಹೊಸ ಕೊಳವೆಗಳನ್ನೂ ಇಟ್ಟರು. 2024ರಲ್ಲಿ ಬಾಗಿಲು ತೆರೆಯಿತು.

ಇವುಗಳಿಂದ ಕಲಿಯತಕ್ಕದ್ದೇನು? ನಾವು ಹಳೆಯದೆಂದು ಕಾಪಾಡುವ ಗುಮ್ಮಟವು ಒಂದು ಕಾಲದಲ್ಲಿ ಹೊಸದೇ ಆಗಿತ್ತು. ಆದಕಾರಣ ಹೊಸದನ್ನು ಪಾಪವೆನ್ನಬಾರದು. ಆದರೂ ಹಿರಿಯರ ಕಣ್ಣೀರನ್ನು ತುಚ್ಛೀಕರಿಸಬಾರದು. ಸಭೆಯು ಜ್ಞಾಪಕದಲ್ಲಿಟ್ಟಿರುವ ರೂಪವು ಉಳಿಯಲಿ. ಜೀವವನ್ನು ಕಾಯುವ ತಂತಿ, ಕೊಳವೆ, ಬಾಗಿಲುಗಳು ಹೊಸದಾಗಲಿ.

ವಿಚಾರಿಸತಕ್ಕ ಪ್ರಶ್ನೆಗಳು:
1. ಮುದುಕರು ಅತ್ತದ್ದೇಕೆ?
2. ನಮ್ಮ ಆಲಯದಲ್ಲಿ ಉಳಿಯಬೇಕಾದದ್ದು ಯಾವದು, ಬದಲಾಗಬೇಕಾದದ್ದು ಯಾವದು?