ಕಾಲೇಜು ಬದಲಿಸಲು ಹೊರಟವಳಿಗೆ

ಪ್ರೀತಿಯ ಪುಟ್ಟಿ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಪಟ್ಟಿ ನೋಡಿದೆ. ಕಾಲೇಜಿನ ಹೆಸರು, ಆನರ್ಸ್ ಇದೆಯೋ ಇಲ್ಲವೋ, ಸ್ಕಾಲರ್‌ಶಿಪ್ ಎಷ್ಟು, ಹಾಸ್ಟೆಲ್ ಹೇಗೆ, ಎಲ್ಲಕ್ಕೂ ಒಂದೊಂದು ಕಾಲಂ ಮಾಡಿದ್ದೀಯ. ಅಲ್ಲಿ ಏನು ಕಲಿಸುತ್ತಾರೆ ಎಂಬುದಕ್ಕೆ ಮಾತ್ರ ಕಾಲಂ ಇಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೆ. ಸಿಟ್ಟು ಆರಲಿ ಎಂದು ಕಾದು ಈಗ ಬರೆಯುತ್ತಿದ್ದೇನೆ. ನಿನ್ನ ಹೆಸರು ತೆಗೆದು ಪತ್ರಿಕೆಗೂ ಕೊಡುತ್ತೇನೆ. ಎಂಜಿನಿಯರಿಂಗಿನ ನಾಲ್ಕನೇ ಸೆಮಿಸ್ಟರಿನಲ್ಲಿ ಕೂತು ಗಣಿತಕ್ಕೆ ಹಂಬಲಿಸುವವಳು ನೀನೊಬ್ಬಳೇ ಅಲ್ಲ.

1974ರಲ್ಲಿ ನನ್ನನ್ನು ಬಿ.ಎಸ್ಸಿ.ಗೆ ಸೇರಿಸಿದಾಗ ವಿಷಯ ಆರಿಸಿದ್ದು ನಾನಲ್ಲ. ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ತೆಗೆದುಕೊಂಡರೆ ಹುಡುಗಿ ಮುಂದೆ ಡಾಕ್ಟರಾಗುತ್ತಾಳೆ ಎಂದು ಯಾರೋ ನಿನ್ನ ತಾತನ ತಲೆಗೆ ತುಂಬಿದ್ದರು. ನಾನು ಲ್ಯಾಬಿನಲ್ಲಿ ಕಪ್ಪೆ ಕೊಯ್ಯುತ್ತಿದ್ದರೆ ಗೋಡೆಯಾಚೆ ಮೇಷ್ಟ್ರು ಸಂಭವನೀಯತೆಯ ಪಾಠ ಮಾಡುತ್ತಿದ್ದರು. ಕೈ ಇಲ್ಲಿ, ಕಿವಿ ಅಲ್ಲಿ. ಸಂಜೆ ಆ ತರಗತಿಯ ಹುಡುಗಿಯ ನೋಟ್ಸು ಇಸಿದುಕೊಂಡು ಲೆಕ್ಕ ಮಾಡುತ್ತಿದ್ದೆ. ಪರೀಕ್ಷೆಗಲ್ಲ, ಅಂಕಕ್ಕಲ್ಲ, ಆ ಲೆಕ್ಕ ಬಿಡಿಸದೆ ನಿದ್ದೆ ಬರುತ್ತಿರಲಿಲ್ಲ, ಅಷ್ಟೆ.

ವರ್ಷ ಮುಗಿದ ಮೇಲೆ ಮೈಸೂರಿಗೆ ಹೋಗಿ ಪಿಎಂಎಸ್ (ಭೌತಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ) ಓದುತ್ತೇನೆ ಎಂದಾಗ ಮನೆಯಲ್ಲಿ ಮೂರು ದಿನ ಯಾರೂ ಸರಿಯಾಗಿ ಮಾತಾಡಲಿಲ್ಲ. ಕಾಲೇಜಿನವರು ಟಿ.ಸಿ. ಕೊಡಲು ಒಪ್ಪಲಿಲ್ಲ, ಉಳಿದ ವರ್ಷಗಳ ಫೀಸು ಕಟ್ಟಿ ಹೋಗಿ ಎಂದರು. ಅಟ್ಟದ ಮೇಲೆ ಕಾಯಿ ಇತ್ತು, ಆದರೆ ಇನ್ನೂ ಕೊಬ್ಬರಿಯಾಗಿರಲಿಲ್ಲ. ನಿನಗೆ ಗೊತ್ತಲ್ಲ, ಅಟ್ಟಕ್ಕೆ ಹಾಕಿದ ಕಾಯಿ ಒಳಗೇ ನೀರು ಆರಿ, ಅಲುಗಿಸಿದರೆ ಗಿಟುಕು ಸದ್ದು ಮಾಡಲು ಸುಮಾರು ಒಂದು ವರ್ಷ ಬೇಕು. ತಾತ ಅಲ್ಲಿಯವರೆಗೆ ಕಾಯಲಿಲ್ಲ. ತಿಪಟೂರಿನಲ್ಲಿ ಕೊಬ್ಬರಿಗೆ ಸಿಗಬಹುದಾಗಿದ್ದ ರೇಟನ್ನು ಬಿಟ್ಟು, ಅರ್ಧ ಒಣಗಿದ ಕಾಯನ್ನೇ ಬಂದ ಬೆಲೆಗೆ ಕೊಟ್ಟರು. ನನಗೆ ಹೇಳಲೂ ಇಲ್ಲ. ಅಜ್ಜಿ ಹೇಳಿದ್ದು, ಅದೂ ನನಗೆ ಕೆಲಸ ಸಿಕ್ಕಿದ ಮೇಲೆ.

ಮೈಸೂರಿನಲ್ಲಿ ಮತ್ತೆ ಮೊದಲನೇ ವರ್ಷ. ನನಗಿಂತ ಚಿಕ್ಕವರ ಜೊತೆ ಬೆಂಚು. ಊರಲ್ಲಿ “ಫೇಲಾದಳಂತೆ” ಎಂಬ ಸುದ್ದಿ. ಹಳೇ ಕಾಲೇಜಿನಲ್ಲಿ ಬರುತ್ತಿದ್ದ ಮೆರಿಟ್ ಸ್ಕಾಲರ್‌ಶಿಪ್ ಕೋರ್ಸು ಬದಲಾದ ಕೂಡಲೇ ನಿಂತಿತು. ಹಾಸ್ಟೆಲ್ಲಿನ ಮೆಸ್ ಬಿಲ್ಲಿಗೆ ಸಂಜೆ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳಿದೆ. ಇಷ್ಟಾದರೂ ಆ ಮೂರು ವರ್ಷ ನಾನು ಬೆಳಗ್ಗೆ ಎದ್ದು ತರಗತಿಗೆ ಹೋಗಲು ಬೇಸರಪಟ್ಟದ್ದು ನೆನಪಿಲ್ಲ.

ಆಮೇಲೆ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ಕೆಲಸ. ಬೆಳೆ ಕಟಾವು ಪ್ರಯೋಗಕ್ಕೆ ಹೊಲಕ್ಕೆ ಹೋಗುತ್ತಿದ್ದೆ. ಯಾದೃಚ್ಛಿಕ ಸಂಖ್ಯೆಗಳ ಕೋಷ್ಟಕ ನೋಡಿ, ನೈರುತ್ಯ ಮೂಲೆಯಿಂದ ಹೆಜ್ಜೆ ಎಣಿಸಿ, ಸಂಖ್ಯೆ ನಿಲ್ಲಿಸಿದಲ್ಲಿ ಗೂಟ ಹೊಡೆದು ಹಗ್ಗ ಕಟ್ಟಿ, ಒಳಗಿನ ಬೆಳೆಯನ್ನಷ್ಟೇ ಕೊಯ್ದು ತೂಗಬೇಕು. ರೈತ ಬಿಡಬೇಕಲ್ಲ! ಹೆಮ್ಮೆಯವನಾದರೆ ಹುಲುಸಾದ ಜಾಗ ತೋರಿಸುತ್ತಾನೆ, ವಿಮೆಯ ಹಣ ಬರಬೇಕಾದವನು ಬೋಳು ಜಾಗಕ್ಕೆ ಕರೆದೊಯ್ಯುತ್ತಾನೆ. ನೀನು ಈಗ ಮಾಡುತ್ತಿರುವುದೂ ಅದೇ ಕಣೇ. ಎಂಜಿನಿಯರಿಂಗ್ ಬಿಟ್ಟು ವಿಜ್ಞಾನಕ್ಕೆ ಹೋಗಿ ವಿದೇಶದಲ್ಲಿ ಪಿಎಚ್.ಡಿ. ಮಾಡುತ್ತಿರುವ ಇಬ್ಬರ ವಿಡಿಯೋ ನೋಡಿದ್ದೀಯ. ಬಿಟ್ಟು, ಅಲ್ಲೂ ನಿಲ್ಲಲಾರದೆ ಮನೆಗೆ ಬಂದವರು ವಿಡಿಯೋ ಮಾಡುವುದಿಲ್ಲ. ಅವರಲ್ಲಿ ಒಬ್ಬರನ್ನಾದರೂ ಹುಡುಕಿ ಮಾತಾಡಿಸು.

ನಿನ್ನ ಪಟ್ಟಿಯ ಮೊದಲ ಸಾಲೇ ತಪ್ಪು. ಇನ್‌ಸ್ಪೈರ್‌ನ ವರ್ಷಕ್ಕೆ 80,000 ರೂಪಾಯಿ ಸ್ಕಾಲರ್‌ಶಿಪ್ ಇರುವುದು ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇ. 1ರೊಳಗೆ ಬಂದು, ಪಿಯುಸಿ ಮುಗಿಸಿದ ವರ್ಷವೇ ಮೂಲವಿಜ್ಞಾನ ಪದವಿಗೆ ಸೇರಿದವರಿಗೆ. ನಿನ್ನ ಪಿಯುಸಿ ಮುಗಿದು ಎರಡು ವರ್ಷವಾಯಿತು. ಇನ್ನು ಆನರ್ಸ್ ಎಂಬ ಪದದ ಹಿಂದೆ ಯಾಕೆ ಬಿದ್ದಿದ್ದೀಯ? ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ 2021ರಲ್ಲಿ ನಾಲ್ಕು ವರ್ಷದ ಆನರ್ಸ್ ಬಂತು, 2024ರಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಸರ್ಕಾರ ಬದಲಾದರೆ ಬದಲಾಗುವ ಹಣೆಪಟ್ಟಿಗೆ ನಿನ್ನ ಎರಡು ವರ್ಷ ಸುರಿಯುತ್ತೀಯಾ? ಇಷ್ಟನ್ನೂ ವಿಚಾರಿಸದೆ ಅಪ್ಪನಿಗೆ “ಖರ್ಚೇ ಇಲ್ಲ” ಎಂದು ಹೇಳಲು ಹೊರಟಿದ್ದೀಯಲ್ಲ, ಅದು ನನಗೆ ಸ್ವಲ್ಪವೂ ಹಿಡಿಸಲಿಲ್ಲ.

ಬೈದದ್ದು ಸಾಕು. ನಿನ್ನ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ದಸರಾ ರಜೆಗೆ ಬಂದಾಗ ನೀನು ಸರ್ಕ್ಯೂಟಿನ ಪುಸ್ತಕ ಎದುರಿಗಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತಿದ್ದೆ. ಅದೇ ನೀನು ನನ್ನ ಹಳೇ ಪುಸ್ತಕದ ಲೆಕ್ಕವೊಂದನ್ನು ಹಿಡಿದು ಊಟಕ್ಕೆ ಕರೆದರೂ ಏಳಲಿಲ್ಲ.

ಎರಡು ದಾರಿ ಇವೆ, ಎರಡನ್ನೂ ಸಮನಾಗಿಯೇ ಹೇಳುತ್ತೇನೆ. ಬಿ.ಇ. ಮುಗಿಸು, ಕೊನೆಯ ವರ್ಷ ಜಾಮ್ ಪರೀಕ್ಷೆ ಬರೆದು ಐಐಟಿಯಲ್ಲಿ ಗಣಿತ ಅಥವಾ ಸಂಖ್ಯಾಶಾಸ್ತ್ರದ ಎಂ.ಎಸ್ಸಿ.ಗೆ ಹೋಗು, ಬಿ.ಇ. ಆದವರೂ ಅದನ್ನು ಬರೆಯಬಹುದು. ಅಪ್ಪನಿಗೆ ನೆಮ್ಮದಿ, ಕೈಯಲ್ಲಿ ಪದವಿ. ಆದರೆ ಇನ್ನೆರಡು ವರ್ಷ ಬೇಡದ್ದನ್ನು ಓದಿದ ಮೇಲೂ ಈ ಹಸಿವು ಹೀಗೇ ಉಳಿಯುತ್ತದೆಯೇ ಎಂಬುದು ನನ್ನ ಭಯ. ಇನ್ನೊಂದು, ಭಾರತೀಯ ಸಾಂಖ್ಯಿಕ ಸಂಸ್ಥೆ. ಮಹಲನೋಬಿಸ್ 1931ರಲ್ಲಿ ಕಟ್ಟಿದ್ದು. ಕೋಲ್ಕತ್ತದಲ್ಲಿ ಬಿ.ಸ್ಟ್ಯಾಟ್, ನಮ್ಮ ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಬಿ.ಮ್ಯಾಥ್. ಮತ್ತೆ ಮೊದಲನೇ ವರ್ಷದಿಂದಲೇ. ಬೋಧನಾ ಶುಲ್ಕವಿಲ್ಲ, ತಿಂಗಳಿಗೆ ಸ್ಟೈಪೆಂಡ್ ಇದೆ, ಆದರೆ ಅಂಕ ಇಳಿದರೆ ಅದೂ ಇಳಿಯುತ್ತದೆ.

ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ ಅದೇ ಸಂಸ್ಥೆಗೆ 1941ರಲ್ಲಿ ಹೋದದ್ದು ಹೇಗೆ ಗೊತ್ತಾ? ಗಣಿತದ ಎಂ.ಎ. ಮುಗಿಸಿದ್ದರು, ಅರ್ಜಿ ತಡವಾಗಿ ಸಂಶೋಧನಾ ವೇತನ ತಪ್ಪಿತ್ತು. ಕೆಲಸದ ಸಂದರ್ಶನಕ್ಕೆಂದು ಕಲ್ಕತ್ತೆಗೆ ಹೋದಾಗ ಈ ಸಂಸ್ಥೆಯ ವಿಷಯ ಕಿವಿಗೆ ಬಿತ್ತು. 2023ರಲ್ಲಿ ಅವರಿಗೆ ಸಂಖ್ಯಾಶಾಸ್ತ್ರದ ಅಂತಾರಾಷ್ಟ್ರೀಯ ಪ್ರಶಸ್ತಿ ಬಂತು. ವೇತನ ತಪ್ಪಿದ್ದಕ್ಕೆ ಅವರು ಗಣಿತವನ್ನು ಬಿಡಲಿಲ್ಲ.

ನನ್ನ ಮನಸ್ಸು ಯಾವ ಕಡೆ ಎಂದು ನಿನಗೆ ತಿಳಿದೇ ಇರುತ್ತದೆ. ಆದರೆ ಸೀಟು ಕೈಗೆ ಬರುವವರೆಗೆ ಇರುವ ಕಾಲೇಜು ಬಿಡಬೇಡ, ಒಂದು ವಿಷಯವನ್ನೂ ಬಾಕಿ ಉಳಿಸಬೇಡ. ಹೊರಡುವಾಗ ನಿನ್ನ ಅಂಕಪಟ್ಟಿ ಹಿಡಿದಿಟ್ಟುಕೊಂಡರೆ ಹೆದರಬೇಡ. ಮೂಲ ದಾಖಲೆಗಳನ್ನು ಕಾಲೇಜುಗಳು ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಹೇಳಿದೆ. ತಾತನ ಕಾಲದಲ್ಲಿ ನಮಗೆ ಆ ಆಸರೆ ಇರಲಿಲ್ಲ.

ಸಾಂಖ್ಯಿಕ ಸಂಸ್ಥೆಯ ಪ್ರವೇಶ ಪರೀಕ್ಷೆ ಸಾಮಾನ್ಯವಾಗಿ ಮೇ ತಿಂಗಳಲ್ಲಿ. ಬೆಳಗಿನ ಪತ್ರಿಕೆ ಟಿಕ್ ಹಾಕುವುದು, ಅದನ್ನು ನೀನು ಮಾಡುತ್ತೀಯ. ಮಧ್ಯಾಹ್ನದ್ದರಲ್ಲಿ ಸಾಧನೆಯನ್ನು ಹಂತಹಂತವಾಗಿ ಬರೆಯಬೇಕು, ಸಿಇಟಿ ಕೋಚಿಂಗಿನಲ್ಲಿ ಅದನ್ನು ನಿನಗೆ ಯಾರೂ ಕಲಿಸಿಲ್ಲ. ಹಳೇ ಪ್ರಶ್ನೆಪತ್ರಿಕೆಗಳು ಸಂಸ್ಥೆಯ ವೆಬ್‌ಸೈಟಿನಲ್ಲಿವೆ. ಒಂದನ್ನು ತೆಗೆದು, ಯಾರನ್ನೂ ಕೇಳದೆ, ಆಗುವಷ್ಟು ಬರೆದು ನನಗೆ ಕಳಿಸು. ಅಪ್ಪನ ಹತ್ತಿರ ಮಾತಾಡುವುದು ಅದಾದ ಮೇಲೆ. ಆಗ ನಾನೂ ಊರಿಗೆ ಬರುತ್ತೇನೆ.

ಆಶೀರ್ವಾದಗಳೊಂದಿಗೆ,
ನಿನ್ನ ಅತ್ತೆ